ಸ್ನೋಫ್ಲೇಕ್ ಜೋಡಿಸೋಕೆ ಅಕೌಂಟ್ ಅಡ್ಮಿನ್ ರೋಲ್ ಬೇಕಿಲ್ಲ

ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಡೇಟಾ ಸಾಗಿಸುವ ಇಂಟಿಗ್ರೇಷನ್ ಪ್ಲಾಟ್‌ಫಾರ್ಮ್‌ಗೆ ಸ್ನೋಫ್ಲೇಕ್ (ಕ್ಲೌಡ್‌ನಲ್ಲಿ ಡೇಟಾ ಇಡುವ ಸೇವೆ) ಜೋಡಿಸಬೇಕಾದರೆ ಆ ಕನೆಕ್ಷನ್‌ಗೆ ಅಕೌಂಟ್ ಅಡ್ಮಿನ್ ರೋಲ್ (ಇಡೀ ಖಾತೆಯ ಮೇಲಿನ ದೊಡ್ಡ ಅಧಿಕಾರ) ಕೊಡಲೇಬೇಕು, ಇಲ್ಲದಿದ್ದರೆ ಟೇಬಲ್‌ಗಳೇ ಕಾಣುವುದಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಈ ಮಾತು ಹುಟ್ಟಿದ್ದು ಎಲ್ಲಿಂದ ಎಂದು ಊಹಿಸುವುದು ಕಷ್ಟವಲ್ಲ. ಅನುಮತಿ ಇಲ್ಲದ ಟೇಬಲ್ ಕೇಳಿದರೆ ಸ್ನೋಫ್ಲೇಕ್ 'ಅದು ಇಲ್ಲ, ಅಥವಾ ನಿಮಗೆ ಅನುಮತಿ ಇಲ್ಲ' ಎಂದು ಎರಡನ್ನೂ ಒಂದೇ ಎರರ್‌ನಲ್ಲಿ ಹೇಳುತ್ತದೆ. ಜನ ಮೊದಲ ಅರ್ಧ ಓದಿ ಗಾಬರಿಯಾಗುತ್ತಾರೆ. ಅಡ್ಮಿನ್ ರೋಲ್ ಕೊಟ್ಟರೆ ಸಾಮಾನ್ಯವಾಗಿ ಎಲ್ಲ ಓಡುತ್ತದೆ. ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ, ಅಲ್ವಾ?

ಓದುವುದಕ್ಕಷ್ಟೇ ಆದರೆ ಬೇಕಾಗಿರುವುದು ಕಡಿಮೆ. ಕನೆಕ್ಷನ್‌ಗೆಂದೇ ಒಂದು ಹೊಸ ರೋಲ್, ಅಂದರೆ ಅನುಮತಿಗಳ ಗುಂಪು, ಮಾಡಿ. ವೇರ್‌ಹೌಸ್ (ಕ್ವೆರಿ ಓಡಿಸುವ ಕಂಪ್ಯೂಟಿಂಗ್ ಶಕ್ತಿ), ಡೇಟಾಬೇಸ್, ಸ್ಕೀಮಾ (ಡೇಟಾಬೇಸ್ ಒಳಗೆ ಟೇಬಲ್‌ಗಳನ್ನು ಇಡುವ ವಿಭಾಗ) ಮೂರಕ್ಕೂ ಯೂಸೇಜ್, ಅಂದರೆ ಬಳಸುವ ಅನುಮತಿ, ಕೊಡಿ, ಟೇಬಲ್‌ಗಳಿಗೆ ಸೆಲೆಕ್ಟ್, ಅಂದರೆ ಓದುವ ಅನುಮತಿ, ಕೊಡಿ. ಸ್ಕೀಮಾ ಮೇಲಿನ ಯೂಸೇಜ್ ಮರೆತರೂ ಟೇಬಲ್ ಕಾಣುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಇನ್ನೊಂದು: 'ಎಲ್ಲ ಟೇಬಲ್‌ಗಳಿಗೂ ಸೆಲೆಕ್ಟ್' ಎಂದರೆ ಆ ಹೊತ್ತಿಗೆ ಇರುವ ಟೇಬಲ್‌ಗಳು ಮಾತ್ರ. ನಾಳೆ ಹುಟ್ಟುವ ಟೇಬಲ್‌ಗೆ ಫ್ಯೂಚರ್ ಗ್ರಾಂಟ್ ಬೇರೆಯೇ ಕೊಡಬೇಕು. ಬರೆಯುವ ಕೆಲಸವಿದ್ದರೆ ಇನ್ಸರ್ಟ್, ಕ್ರಿಯೇಟ್ ಟೇಬಲ್‌ನಂಥವು ಸೇರುತ್ತವೆ.

ಈ ರೋಲ್, ಅದನ್ನು ಬಳಸಿ ಲಾಗಿನ್ ಆಗುವ ಯೂಸರ್ ಮಾಡಿಕೊಡಲು ಒಬ್ಬ ಅಡ್ಮಿನ್ ಬೇಕು, ನಿಜ. ಆದರೆ ಅದು ಒಂದು ಸಲದ ಕೆಲಸ. ಆ ಅಧಿಕಾರವನ್ನು ಹೊರಗಿನ ಪ್ಲಾಟ್‌ಫಾರ್ಮ್ ಕೈಗೆ ಸುಮ್ನೆ ಕೊಟ್ಟರೆ, ಲಾಗಿನ್ ಕೀ ಸೋರಿದ ದಿನ ಬಿಲ್ಲಿಂಗ್‌ನಿಂದ ಹಿಡಿದು ಯೂಸರ್‌ಗಳವರೆಗೆ ಎಲ್ಲವೂ ಅಪಾಯಕ್ಕೆ ಸಿಗುತ್ತದೆ.

ಯೂಸರ್ ಅನ್ನು ಸರ್ವಿಸ್ ಬಗೆಯದಾಗಿ (ಮನುಷ್ಯರಿಗಲ್ಲ, ಸಾಫ್ಟ್‌ವೇರ್‌ಗೆ ಮೀಸಲು) ಮಾಡಿ. ಅದಕ್ಕೆ ಪಾಸ್‌ವರ್ಡ್ ನಡೆಯುವುದಿಲ್ಲ, ಕೀ ಪೇರ್ (ಗುಟ್ಟಿನದೊಂದು, ಬಹಿರಂಗದೊಂದು ಎಂಬ ಜೋಡಿ ಕೀ) ಅಥವಾ ಓಆತ್ (ಟೋಕನ್ ಮೂಲಕ ಪ್ರವೇಶ ಕೊಡುವ ವಿಧಾನ) ಬಳಸಿ.