ಏಳು ತಲೆಮಾರು, ಒಬ್ಬ ತಾಯಿಯೂ ಇಲ್ಲ

ಕಳೆದ ಭಾನುವಾರ ಅಣ್ಣನ ಮಗನ ಗೃಹಪ್ರವೇಶದಲ್ಲಿ ಊಟದ ಪಂಕ್ತಿಯ ಎದುರಿಗೇ ಆಳೆತ್ತರದ ಫ್ಲೆಕ್ಸ್ ಒಂದನ್ನು ನಿಲ್ಲಿಸಿದ್ದರು. ಅದರಲ್ಲಿ ನಮ್ಮ ಮನೆತನದ ಏಳು ತಲೆಮಾರಿನ ವಂಶವೃಕ್ಷವಿತ್ತು: ಬುಡದಲ್ಲಿ ಮೂಲಪುರುಷ, ಕೊಂಬೆಕೊಂಬೆಗೂ ಗೌಡರುಗಳು, ತುದಿಯಲ್ಲಿ ಇನ್ನೂ ಅಂಗನವಾಡಿಯ ಮುಖ ಕಾಣದ ಮೊಮ್ಮಗ. ಇಡೀ ಮರದಲ್ಲಿ ಹೆಂಗಸಿನದೆಂಬ ಒಂದು ಹೆಸರೂ ಇರಲಿಲ್ಲ. ಏಳು ತಲೆಮಾರಿನಿಂದಲೂ ಗಂಡಸರೇ ಗಂಡಸರನ್ನು ಹೆತ್ತು ಸಾಕಿದ ಈ ಪವಾಡದ ಮುಂದೆ ನೆಂಟರೆಲ್ಲ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೋಳಿಗೆ ಮಾತ್ರ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನಿವೃತ್ತಿಯಾದಾಗಿನಿಂದ ಹಳೆಯ ಪತ್ರಿಕೆಗಳ ಸಂಪುಟಗಳನ್ನೂ ನೋಂದಣಿ ಕಚೇರಿಯ ನಕಲುಗಳನ್ನೂ ಹುಡುಕಿಕೊಂಡು ನಾನು ಅಲೆಯುತ್ತಿರುವುದು ನಿಮಗೆಲ್ಲ ತಿಳಿದೇ ಇದೆ. ನಮ್ಮ ಮನೆಯವರಿಗೂ ತಿಳಿದಿದೆ. ಆದರೂ ಇದನ್ನು ಅಚ್ಚು ಹಾಕಿಸುವ ಮೊದಲು ಯಾರೊಬ್ಬರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನಾಗಿಯೇ ಕೇಳಿದ್ದಕ್ಕೆ ಹುಡುಗ ಬಹಳ ವಿನಯದಿಂದ, "ಅತ್ತೆ, ಹಳೆಯ ದಾಖಲೆಗಳಲ್ಲಿ ಹೆಂಗಸರ ಹೆಸರೇ ಇಲ್ಲವಲ್ಲ, ನಾನೇನು ಮಾಡಲಿ? ಹೆಳವರು ಓದಿ ಹೇಳಿದ್ದನ್ನು ಹಾಗೆಯೇ ಬರೆಸಿದೆ" ಎಂದ.

ಅವನ ಮಾತಿನಲ್ಲಿ ಸ್ವಲ್ಪ ನಿಜವಿದೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ವಂಶಾವಳಿಯನ್ನು ಹಾಡಿ, ದವಸ ಪಡೆದು ಹೋಗುತ್ತಿದ್ದ ಹೆಳವರ ಬಾಯಲ್ಲಿ ನಾನು ಕೇಳಿದ್ದೂ ಹೆಚ್ಚಾಗಿ ಗಂಡಸರ ಹೆಸರುಗಳನ್ನೇ. ಹಳೆಯ ಪತ್ರಿಕೆಗಳ ನಿಧನವಾರ್ತೆಗಳಲ್ಲಿ ಇಂಥವರ ಧರ್ಮಪತ್ನಿ, ಇಂಥವರ ಮಾತೃಶ್ರೀ ಎಂದು ಮುಗಿಸಿ, ಸತ್ತವಳ ಹೆಸರನ್ನೇ ಬಿಟ್ಟದ್ದನ್ನು ಕಂಡು ಹಲ್ಲು ಕಡಿದಿದ್ದೇನೆ. ಜನಗಣತಿಯಲ್ಲಿ ಮನೆಮನೆಯಿಂದ ಬರೆದುಕೊಂಡ ವಿವರಗಳನ್ನು ನೋಡಲು 1948ರ ಜನಗಣತಿ ಕಾಯ್ದೆಯು ಯಾರಿಗೂ ಅವಕಾಶ ಕೊಡುವುದಿಲ್ಲ. ಇಷ್ಟನ್ನೆಲ್ಲ ಒಪ್ಪಿದ ಮೇಲೂ ದಾಖಲೆಗಳಲ್ಲಿ ಹೆಂಗಸರಿಲ್ಲ ಎಂಬುದು ಹುಡುಕದವರ ಮಾತು. ಹೆಂಗಸರು ಹೊಗಳಿಕೆಯ ಪುಟಗಳಲ್ಲಿ ಇಲ್ಲ, ಜಗಳದ ಪುಟಗಳಲ್ಲಿ ಧಾರಾಳವಾಗಿ ಇದ್ದಾರೆ.

ನಮ್ಮ ಮುತ್ತಜ್ಜಿಯದನ್ನೇ ಹೇಳುತ್ತೇನೆ. ತನ್ನ ಅತ್ತೆ ಕೋರ್ಟಿನ ಮೆಟ್ಟಿಲು ಹತ್ತಿದ್ದು ಧಾತು ಸಂವತ್ಸರದಲ್ಲಿ ಎಂದು ಅಜ್ಜಿ ಹೇಳುತ್ತಿದ್ದರು. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1876 ಆಗಬಹುದು, ಇಲ್ಲವೇ 1936. ಮೊದಲನೆಯದು ಧಾತು-ಈಶ್ವರದ ಭೀಕರ ಬರ ಶುರುವಾದ ವರ್ಷ. ಆಗ ಮುತ್ತಜ್ಜಿ ಹುಟ್ಟಿರುವುದೂ ಅನುಮಾನ. ಹೀಗಾಗಿ 1936ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗಿನ ಸಂಪುಟಗಳನ್ನು ತೆಗೆಸಿ, ಮುಟ್ಟಿದರೆ ಪುಡಿಯಾಗುವ ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಕುಳಿತೆ. ಸಿಕ್ಕಿತು. ಪಾಲುವಿಭಾಗದ ದಾವೆಯೊಂದರ ಪ್ರಕಟಣೆ ಅದು. ಸಮನ್ಸ್ ಕೈಗೆ ಸಿಗದಂತೆ ತಪ್ಪಿಸಿಕೊಂಡು ತಿರುಗುತ್ತಿದ್ದ ಮೈದುನನಿಗೆ ಪತ್ರಿಕೆಯ ಮೂಲಕ ತಿಳಿಸಲು ನ್ಯಾಯಾಲಯ ಹಾಕಿಸಿದ್ದು. ಅದರಲ್ಲಿ ವಾದಿಯಾಗಿ ನಮ್ಮ ಮುತ್ತಜ್ಜಿಯ ಪೂರ್ತಿ ಹೆಸರು, ಊರು, ಹೋಬಳಿ, ಎಲ್ಲವೂ ಇತ್ತು. ಆ ಮಹಾಶಯ ಗಂಡಸಿನಂತೆ ಸಮನ್ಸ್ ತೆಗೆದುಕೊಂಡುಬಿಟ್ಟಿದ್ದರೆ ಅವಳ ಹೆಸರು ಅಚ್ಚಾಗುತ್ತಲೇ ಇರಲಿಲ್ಲ! (ಆ ಹೆಸರನ್ನು ನಾನು ಇಲ್ಲಿ ಬರೆಯದಿರಲು ಕಾರಣ, ದಾಯಾದಿಗಳೂ ಈ ಬರಹವನ್ನು ಓದುತ್ತಾರೆ ಮತ್ತು ಆ ತಕರಾರು ಇನ್ನೂ ಪೂರ್ತಿ ತಣ್ಣಗಾಗಿಲ್ಲ.)

ವಿಧವೆಯಾದ ಅವಳಿಗೆ ಆ ಧೈರ್ಯ ಬರಲು ಕಾರಣವೂ ಇತ್ತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು, ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆಗೂ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಸಿಗುವಂತೆ ಮಾಡಿತ್ತು. ಅಂದರೆ ಆ ವರ್ಷದಿಂದೀಚೆಗೆ ಹಳೆ ಮೈಸೂರಿನ ವಿಭಾಗಪತ್ರಗಳಲ್ಲಿಯೂ ದಾವೆಗಳಲ್ಲಿಯೂ ಹೆಂಗಸರನ್ನು ಹುಡುಕಲೇಬೇಕು. ನಮ್ಮ ಮನೆಯಲ್ಲಿ ಮಾತ್ರ ಮುತ್ತಜ್ಜಿಯ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವಳು ಮನೆಮುರುಕಿ, ಅಷ್ಟೆ. ಫ್ಲೆಕ್ಸ್‌ನಲ್ಲಿ ಅವಳಿಗೆ ಜಾಗವಿಲ್ಲ, ಸಮನ್ಸಿಗೆ ಹೆದರಿ ಓಡಿದ ಮೈದುನನಿಗೆ ದಪ್ಪದೊಂದು ಕೊಂಬೆಯೇ ಇದೆ.

ಪತ್ರಿಕೆಗಳ ಸಹವಾಸ ಬೇಡವೆನ್ನುವವರು ಉಪನೋಂದಣಾಧಿಕಾರಿಯ ಕಚೇರಿಗಾದರೂ ಹೋಗಬಹುದು. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ ಮೊದಲನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು. ಪತ್ರ ಬರೆದುಕೊಟ್ಟವರ ಹೆಸರೂ ಬರೆಸಿಕೊಂಡವರ ಹೆಸರೂ ಆ ಸೂಚಿಯಲ್ಲಿರುತ್ತವೆ. ಕ್ರಯಪತ್ರ, ದಾನಪತ್ರ, ಗಂಡ ಸತ್ತ ಮೇಲೆ ಮಾಡಿಕೊಟ್ಟ ಭೋಗ್ಯಪತ್ರ, ಎಲ್ಲೆಡೆ ಹೆಬ್ಬೆಟ್ಟಿನ ಪಕ್ಕದಲ್ಲಿ ಒಂದೊಂದು ಹೆಂಗಸಿನ ಹೆಸರು ಕಾಣುತ್ತದೆ.

ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಹೆಣ್ಣುಮಕ್ಕಳು ಕೊಟ್ಟ ಮನೆಗೆ ಸೇರಿದವರಲ್ಲವೇನಮ್ಮ, ಅವರ ಹೆಸರು ಅಲ್ಲಿರುತ್ತದೆ" ಎಂದು ಸಮಾಧಾನ ಹೇಳಿದರು. ಸರಿ, ನಾನು ಗಂಡನ ಮನೆಯ ಮರದಲ್ಲಿರಬೇಕು. ಹಾಗಿದ್ದರೆ ಈ ಮನೆಗೆ ಬಂದ ಸೊಸೆಯಂದಿರು ಈ ಮರದಲ್ಲಿರಬೇಕಲ್ಲವೇ? ಅವರೂ ಇಲ್ಲ. ಹಿರಿಯರು ಮಜ್ಜಿಗೆ ಬಡಿಸುವವನನ್ನು ಕೂಗಿದರು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆ ಪ್ರಕಟಣೆಯನ್ನು ಓದಿದಾಗ ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಓದು ಬರಹ ಬಾರದ ಅವಳು ಮೈದುನಂದಿರ ಮೇಲೆ ದಾವೆ ಹೂಡಿದಳು, ಎಂ.ಎ. ಮಾಡಿ ಸಂಬಳ ತರುತ್ತಿದ್ದ ನಾನು ಅಣ್ಣಂದಿರ ಮುಖ ನೋಡಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಕಾಫಿ ಕುಡಿದು ಬಂದೆ.

ಹೆಸರುಗಳು ಸಿಗಲಿಲ್ಲ ಎಂಬ ಮಾತಿಗೆ ನನಗೆ ಕೋಪ ಬರುವುದು ಇದಕ್ಕಾಗಿಯೇ. ಪಿತ್ರಾರ್ಜಿತ ಆಸ್ತಿಯ ಹಕ್ಕು ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ 1994ರಲ್ಲಿಯೂ ಎಲ್ಲ ಹೆಣ್ಣುಮಕ್ಕಳಿಗೆ ದೇಶದಾದ್ಯಂತ 2005ರಲ್ಲಿಯೂ ಬಂದ ಮೇಲೆ, ನಮ್ಮನ್ನು ಮರೆಯುವುದು ದುಬಾರಿಯಾಗಿದೆ. ಊರಿನ ಜಮೀನಿನ ಖಾತೆ ಬದಲಾವಣೆಗೆಂದು ಇದೇ ಹುಡುಗ ನಾಡಕಚೇರಿಯಲ್ಲಿ ಇನ್ನೊಂದು ವಂಶವೃಕ್ಷವನ್ನು ಮಾಡಿಸಿದ್ದ. ಅದರಲ್ಲಿ ನಾನಿದ್ದೆ, ನನ್ನ ತಂಗಿಯಿದ್ದಳು, ತೀರಿಹೋದ ಅಕ್ಕನೂ ಅವಳ ಹೆಣ್ಣುಮಕ್ಕಳೂ ಇದ್ದರು. ಒಬ್ಬರ ವಯಸ್ಸೂ ತಪ್ಪಿರಲಿಲ್ಲ.