ತೂತಿಲ್ಲದ ಹೃದಯ

ನಮ್ಮ ಬದಿಯಡ್ಕ ಕಡೆ ಯಾರಾದರೂ ಎಕೋ, ಅಂದರೆ ಹೃದಯದ ಸ್ಕ್ಯಾನು, ಮಾಡಿಸಿಕೊಂಡು ಬಂದರೆ ರಿಪೋರ್ಟನ್ನು ಡಾಕ್ಟರಿಗಿಂತ ಮೊದಲು ನೆಂಟರು ನೋಡಬೇಕು. ನನ್ನದೂ ಹಾಗೇ ಆಯಿತು. ಮಂಗಳೂರಿನಲ್ಲಿ ಪರೀಕ್ಷೆ ಮುಗಿಯುವಾಗ ಡಾಕ್ಟರು ಹೊರಟಾಗಿತ್ತು. "ಸೋಮವಾರ ಬನ್ನಿ" ಎಂದರು ಕೌಂಟರಿನವರು. ಅಲ್ಲಿಯವರೆಗೆ ಕವರು ತೆರೆಯದೆ ಕೂರಲು ನಾನೇನು ಋಷಿಯೇ? ಬಸ್ಸು ತೊಕ್ಕೊಟ್ಟು ದಾಟುವ ಮೊದಲೇ ತೆರೆದೆ.

ಹೆಂಡತಿಗೆ ಆಗಲೇ ಒಂದು ಚಿಂತೆ. ಪರದೆಯಲ್ಲಿ ಕೆಂಪಿನ ಜೊತೆ ನೀಲಿಯೂ ಕಂಡಿತ್ತು, ನೀಲಿ ಅಂದರೆ ಕೆಟ್ಟ ರಕ್ತ ಅಲ್ವಾ? ಅಲ್ಲ. ಎದೆಗೆ ಒತ್ತಿದ ಪ್ರೋಬಿನ ಕಡೆ ಬರುವ ರಕ್ತಕ್ಕೆ ಮಿಷನ್ನು ಕೆಂಪು ಬಣ್ಣ ಹಚ್ಚುತ್ತದೆ, ದೂರ ಹೋಗುವುದಕ್ಕೆ ನೀಲಿ. ಅಷ್ಟೇ.

ಸಂಜೆ ಭಾವ ಬಂದರು. ಕನ್ನಡಕ ಏರಿಸಿ ಮೊದಲು ಕಂಡ ಅಂಕಿಗೇ ಬೆರಳಿಟ್ಟರು. "ಇಎಫ್ 60 ಪರ್ಸೆಂಟ್! ಎಂತ ಮಾರಾಯ, ನಮ್ಮ ಕೆರೆಯ ಪಂಪು ಹೀಗಾದರೆ ರಿವೈಂಡಿಂಗಿಗೆ ಕಳಿಸುತ್ತೇವೆ."

ನರ್ಸಾಗಿರುವ ತಂಗಿಯ ಮಗಳಿಗೆ ಫೋನು ಹೋಯಿತು. ಎಡಗಡೆಯ ಕೆಳಕೋಣೆಯಲ್ಲಿ ತುಂಬಿದ ರಕ್ತದ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದಂತೆ. ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ, 55ರಿಂದ 70 ಇದ್ದರೆ ಸರಿಯೇ. ಭಾವನಿಗೆ ಮಾತ್ರ ಉಳಿದ ನಲವತ್ತು ಎಲ್ಲಿ ಹೋಯಿತೆಂಬ ಸಂಶಯ ಹೋಗಲಿಲ್ಲ.

ನಿಜವಾದ ಗಲಾಟೆ ಎಬ್ಬಿಸಿದ್ದು "ಟ್ರಿವಿಯಲ್ ಎಂಆರ್". ಕವಾಟ ಮುಚ್ಚುವಾಗ ಚೂರು ರಕ್ತ ಹಿಂದೆ ಬರುವುದು. ಗಟ್ಟಿಮುಟ್ಟಾಗಿರುವ ಎಷ್ಟೋ ಜನರಲ್ಲಿ ಇದು ಕಾಣುತ್ತದೆ, ಮದ್ದೂ ಬೇಡ. ಭಾವ ಅದನ್ನು ಫೋನಿನಲ್ಲಿ "ಸಣ್ಣ ಲೀಕೇಜು" ಎಂದರು. ಕುಂಬಳೆ ತಲುಪುವಾಗ ಅದು ಸೋರಿಕೆ, ಉಪ್ಪಳಕ್ಕೆ ಮುಟ್ಟುವಾಗ ತೂತು. ಚಿಕ್ಕಮ್ಮ ಅಳುತ್ತಾ ಫೋನು ಮಾಡಿದರು. ಕೋಣೆಗಳ ನಡುವಿನ ಗೋಡೆ ಸರಿಯಾಗಿದೆ ಎಂದು ಅದೇ ಕಾಗದದಲ್ಲಿ ಅಚ್ಚಾಗಿತ್ತು. ಆದರೆ ಸರಿ ಇದ್ದದ್ದನ್ನು ಯಾರು ಓದುತ್ತಾರೆ?

ಸೋಮವಾರ ಡಾಕ್ಟರು ಅಂಕಿಗಳ ಪಟ್ಟಿ ಬಿಟ್ಟು ನೇರ ಕೊನೆಯ ಸಾಲುಗಳಿಗೆ ಹೋದರು. 'ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್' ಎಂದಿತ್ತು. ಹೆಂಡತಿ ನನ್ನ ಕೈ ಹಿಡಿದಳು. "ಹಿಂಡುವುದು ಚೆನ್ನಾಗಿದೆ, ಸಡಿಲವಾಗುವುದು ಸ್ವಲ್ಪ ನಿಧಾನ. ವಯಸ್ಸಾದಂತೆ, ಬಿ.ಪಿ. ಇದ್ದವರಲ್ಲಿ ಸಾಮಾನ್ಯ. ಮಾತ್ರೆ ತಪ್ಪಿಸಬೇಡಿ, ಉಪ್ಪಿನಕಾಯಿ ಕಡಿಮೆ ಮಾಡಿ."

ಮನೆಗೆ ಬಂದು ಹೇಳಿದಾಗ ಭಾವ ಬಹಳ ಹೊತ್ತು ಯೋಚಿಸಿದರು. ನಂತರ ಕೇಳಿದರು, "ಹಾಗಾದರೆ ಈ ಸಲದ ಮಿಡಿ ಉಪ್ಪಿನಕಾಯಿಯ ಭರಣಿ ನಮ್ಮಲ್ಲಿಗೆ ಕಳಿಸುತ್ತೀಯಲ್ಲ?"