ಹೆಂಚು ಸರಿಸಿ, ಸ್ಪ್ರೇ ಹೊಡೆದು ಮಗು ಒಯ್ಯುತ್ತಾರಾ?

"ಮಕ್ಕಳ ಕಳ್ಳರು ರಾತ್ರಿ ಹೆಂಚು ಸರಿಸಿ, ಕ್ಲೋರೋಫಾರ್ಮ್ ಸ್ಪ್ರೇ ಹೊಡೆದು ಒಳಗಿಳಿಯುತ್ತಾರೆ. ಎಲ್ಲರಿಗೂ ಕಳಿಸಿ." ಶಿರಸಿಯ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜ್ ಇದು.

ಮೊದಲು ಸ್ಪ್ರೇ ವಿಷಯ. ಕ್ಲೋರೋಫಾರ್ಮನ್ನು ಮೂಗಿಗೇ ಒತ್ತಿ ಹಿಡಿದರೂ ಪ್ರಜ್ಞೆ ತಪ್ಪಲು ಕೆಲವು ನಿಮಿಷ ಬೇಕು. ಗಾಳಿ ಆಡುವ ಹೆಂಚಿನ ಮನೆಯಲ್ಲಿ ಒಂದು ಸಲ ಪುಸ್ ಎನ್ನಿಸಿದರೆ ಮನೆಮಂದಿಯೆಲ್ಲ ಮಲಗಿಬಿಡುವುದು ಸಿನಿಮಾದಲ್ಲಿ ಮಾತ್ರ.

ಹೆಂಚು ಸರಿಸುವುದು ಪೂರ್ತಿ ಸುಳ್ಳಲ್ಲ. ಕಳ್ಳರು ಹಾಗೆ ಇಳಿದದ್ದುಂಟು. ಆದರೆ ಹೆಂಚು ಕೂರಿಸುವ ಮರದ ಪಟ್ಟಿಗಳ, ಅಂದರೆ ರೀಪುಗಳ ನಡುವೆ ಇರುವುದು ಸುಮಾರು ಒಂದು ಅಡಿ ಜಾಗ. ದೊಡ್ಡವರು ನುಸುಳಬೇಕಾದರೆ ಸಾಮಾನ್ಯವಾಗಿ ರೀಪು ಕತ್ತರಿಸಬೇಕು. ಸದ್ದಾಗುತ್ತದೆ. ಒಡೆದ ಹೆಂಚು, ಉದುರಿದ ಪಾಚಿ ಕೆಳಗೆ ಬಿದ್ದಿರುತ್ತದೆ. ಮಗುವನ್ನು ಎತ್ತಿಕೊಂಡು ಅದೇ ದಾರಿಯಲ್ಲಿ ಮೇಲೆ ಹತ್ತುವುದು ಸುಮ್ನೆ ಮಾತಲ್ಲ, ಅಲ್ವಾ?

ಪೊಲೀಸರು ನೋಡುವುದು ಇಂಥ ಗುರುತುಗಳನ್ನೇ. 1932ರಲ್ಲಿ ಅಮೆರಿಕದ ವಿಮಾನಯಾನಿ ಲಿಂಡ್‌ಬರ್ಗ್ ಅವರ 20 ತಿಂಗಳ ಮಗುವನ್ನು ಮಹಡಿಯ ಕೋಣೆಯಿಂದ ಒಯ್ದಾಗ, ಒಳಗಿನವರೇ ಸಹಾಯ ಮಾಡಿದರು ಎಂಬ ಮಾತೂ ಹುಟ್ಟಿತು. ಆದರೆ ಕಿಟಕಿಯ ಕೆಳಗೆ ಮಣ್ಣಿನಲ್ಲಿ ಏಣಿ ಊರಿದ ಗುರುತಿತ್ತು. ಕೋಣೆಯಲ್ಲಿ ಕೆಸರಿತ್ತು. ಸ್ವಲ್ಪ ದೂರದಲ್ಲಿ ಮುರಿದ ಏಣಿಯೂ ಸಿಕ್ಕಿತು. ಆ ಕಿಟಕಿಯ ಹೊರಬಾಗಿಲು ಸೊಟ್ಟಗಾಗಿ ಚಿಲಕ ಬೀಳುತ್ತಿರಲಿಲ್ಲ. ಅದು ಹೊರಗಿನವನಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಯನ್ನು ಮಾತ್ರ ಜನ ಇಂದಿಗೂ ಕೇಳುತ್ತಾರೆ.

ಮಕ್ಕಳ ಕಳ್ಳರ ವದಂತಿ ನಂಬಿ 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಜನ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಅನುಮಾನ ಬಂದರೆ 112ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೆ ಫೋನ್ ಮಾಡಿ.